ಕಾಯೋಣವೋ ಕೊಳ್ಳೋಣವೋ

"ಇವತ್ತು ಸೂರ್ಯ ಮುಳುಗುವುದರೊಳಗೆ ನಿರ್ಧಾರ ಆಗಲೇಬೇಕು! ಇತ್ತ, ಇಲ್ಲವೇ ಅತ್ತ! ಇನ್ನು ಒಂದು ದಿನವೂ ತಡವಿಲ್ಲ!"

ಒಂದು ಭಾನುವಾರ ಬೆಳಿಗ್ಗೆ ಊಟದ ಮೇಜನ್ನು ಗುದ್ದಿ ನಾನು ಹೀಗೆ ಘೋಷಿಸಿದಾಗ ಸಭೆಯಲ್ಲಿ ನಾಲ್ಕು ಕುರ್ಚಿ, ಒಂದು ಫ್ರಿಜ್ಜು ಮತ್ತು ಗೋಡೆ ಗಡಿಯಾರ ಹಾಜರಿದ್ದವು. ಫ್ರಿಜ್ಜು ಗುರ್ ಎಂದು ಅನುಮೋದಿಸಿತು. ಕುರ್ಚಿಗಳದ್ದು ಮೌನ, ಅಂದರೆ ಸಮ್ಮತಿ. ಗಡಿಯಾರ ನಿಂತು ಎರಡು ತಿಂಗಳಾಗಿದ್ದರಿಂದ ಅದರ ಮತ ಲೆಕ್ಕಕ್ಕೆ ಬರಲಿಲ್ಲ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ನಾನೇ ಚಪ್ಪಾಳೆ ತಟ್ಟಿಕೊಂಡು ಬ್ರೆಡ್ಡಿಗೆ ಬೆಣ್ಣೆ ಸವರಿದೆ.

ಇಷ್ಟು ಗಂಭೀರವಾದ ವಿಷಯ ಯಾವುದು ಎಂದಿರಾ? ನನ್ನ ಕಂಪ್ಯೂಟರಿನ ಪ್ರಾಸೆಸರ್! ಕಂಪ್ಯೂಟರಿನ ಮಿದುಳು ಅನ್ನುತ್ತಾರಲ್ಲ, ಬಿಸ್ಕತ್ತಿನಷ್ಟಗಲದ ಆ ಬಿಲ್ಲೆ. ಅದನ್ನು ಈಗಲೇ ಬದಲಾಯಿಸಬೇಕೋ, ಮುಂದಿನ ವರ್ಷ ಇನ್ನೂ ಒಳ್ಳೆಯದು ಬರುವ ತನಕ ಕಾಯಬೇಕೋ? ರಾಜ್ಯಗಳು ಇದಕ್ಕಿಂತ ಬೇಗ ಯುದ್ಧ ಸಾರಿವೆ. ನಾನು ಒಂದು ತಿಂಗಳಿಂದ ಯೋಚಿಸುತ್ತಿದ್ದೆ.

ನಾನು ಕಟ್ಟಡದ ಕಂಪನಿಯೊಂದರಲ್ಲಿ ನಕ್ಷೆ ಬರೆಯುವವನು. ಬೇರೆಯವರ ಅಡುಗೆಮನೆಯಲ್ಲಿ ಒಲೆ ಎಲ್ಲಿರಬೇಕು, ಸಿಂಕು ಎಲ್ಲಿರಬೇಕು, ಇಬ್ಬರು ಒಟ್ಟಿಗೆ ನಿಂತರೆ ಮೊಣಕೈ ತಾಗುತ್ತದೋ ಇಲ್ಲವೋ, ಎಲ್ಲ ನಾನು ಹೇಳುತ್ತೇನೆ. ನನ್ನ ಸ್ವಂತ ಅಡುಗೆಮನೆಯಲ್ಲಿ ಆ ತೊಂದರೆ ಇಲ್ಲ. ಹದಿನಾಲ್ಕು ತಿಂಗಳಿಂದ ಅಲ್ಲಿ ಒಂದೇ ಜೊತೆ ಮೊಣಕೈ ಓಡಾಡುತ್ತಿದೆ.

ಹೆಂಡತಿ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿಗಳ ತಕ್ಕಡಿ ಸರಿಯಿದೆಯೇ, ಲೀಟರಿನ ಅಳತೆ ನಿಜಕ್ಕೂ ಲೀಟರೇ ಎಂದು ನೋಡುವ ಕೆಲಸ. ಅವಳು ವರ್ಗವಾಗಿ ಹೋದದ್ದು ಒಂದು ರೈಲು, ಎರಡು ಬಸ್ಸು ದಾಟಿದ ಮೇಲೆ ಸಿಗುವ ಊರಿಗೆ. ವಾಪಸು ಬರಬೇಕಾದರೆ ಒಂದೇ ದಾರಿ, ಅದಲು ಬದಲು. ಅಂದರೆ ನಮ್ಮ ಊರಿನ ಇನ್‌ಸ್ಪೆಕ್ಟರೊಬ್ಬರು "ನಾನು ಅಲ್ಲಿಗೆ ಹೋಗುತ್ತೇನೆ, ಅವರು ಇಲ್ಲಿಗೆ ಬರಲಿ" ಎಂದು ಒಪ್ಪಬೇಕು. ಅದಕ್ಕೆ ವರ್ಷಕ್ಕೊಮ್ಮೆ ಒಂದು ವಾರ ಮಾತ್ರ ಅವಕಾಶ. ಹೋದ ಸಲ ಯಾರೂ ಒಪ್ಪಿರಲಿಲ್ಲ. ಅವಳ ಹಾಗೆ ಯಾರೂ ದಡ್ಡರಿಲ್ಲ ಎಂದು ನಾನು ತಮಾಷೆ ಮಾಡಿದ್ದೆ. ಅವಳು ನಗಲಿಲ್ಲ. ನನಗೂ ನಗು ಬಂದಿರಲಿಲ್ಲ, ಆದರೆ ತಮಾಷೆ ಮಾಡಿದ ಮೇಲೆ ಮಾಡಿದವನಾದರೂ ನಗಬೇಕಲ್ಲ, ನಕ್ಕೆ.

ಹೀಗಾಗಿ ದಿನಾ ಸಂಜೆ ಏಳು ಗಂಟೆಗೆ ನಮ್ಮ ಸಂಸಾರ ಕಂಪ್ಯೂಟರಿನ ಪರದೆ ಮೇಲೆ ಅರ್ಧ ಗಂಟೆ ನಡೆಯುತ್ತದೆ. ಫೋನಿನಲ್ಲಿ ಯಾಕಿಲ್ಲ ಎಂದರೆ ಅವಳಿಗೆ ನನ್ನ ಮುಖದ ಜೊತೆ ಹಿಂದಿನ ಮನೆಯೂ ಕಾಣಬೇಕು. ತಪಾಸಣೆ ಅವಳ ರಕ್ತದಲ್ಲೇ ಇದೆ. "ಆ ಕಿಟಕಿ ಪರದೆ ಒಗೆದು ಎಷ್ಟು ದಿನ ಆಯ್ತು?" "ಹಿಂದೆ ಕುರ್ಚಿ ಮೇಲೆ ಬೆಟ್ಟದ ಹಾಗೆ ಬಿದ್ದಿರೋದು ಏನು?" ಅದು ನನ್ನ ಒಗೆದ ಬಟ್ಟೆ. ಆ ಬೆಟ್ಟಕ್ಕೆ ಮೂರು ಕುರ್ಚಿಗಳನ್ನು ಬಳಸುತ್ತೇನೆ. ನಾಲ್ಕನೆಯದು ಅವಳದು, ಅದರ ಮೇಲೆ ಏನೂ ಇಡುವುದಿಲ್ಲ. ನಾನೂ ಕೂರುವುದಿಲ್ಲ, ನಿಂತೇ ತಿನ್ನುತ್ತೇನೆ. ಯಾಕೆ ಎಂದು ಕೇಳಬೇಡಿ, ಅಭ್ಯಾಸ.

ಕಂಪ್ಯೂಟರಿಗೆ ಏಳು ವರ್ಷ. ಅದರ ಜಾತಿಯಲ್ಲಿ ಅದು ಷಷ್ಟಿಪೂರ್ತಿ ದಾಟಿದ ವಯಸ್ಸು. ಮಾತು ಶುರುವಾಗಿ ಹತ್ತು ನಿಮಿಷಕ್ಕೆ ಅದರ ಮೈ ಕಾಯಲು ಶುರು, ಒಳಗಿನ ಫ್ಯಾನು ಹೋ ಎಂದು ಅರಚಲು ಶುರು. ಆಮೇಲೆ ಪರದೆ ಗಕ್ಕನೆ ನಿಲ್ಲುತ್ತದೆ. ಹೆಂಡತಿ ಬಾಯಿ ತೆರೆದಲ್ಲಿ ಬಾಯಿ ತೆರೆದ ಹಾಗೇ, ಕಣ್ಣು ಮಿಟುಕಿಸಿದಲ್ಲಿ ಅರ್ಧಗಣ್ಣಿನ ಹಾಗೇ. ದನಿಯೂ ನಿಲ್ಲುತ್ತದೆ. ಒಂದು ನಿಮಿಷವೋ ಎರಡೋ ಕಳೆದು ಮತ್ತೆ ಹೊರಟಾಗ ನಡುವಿನ ಮಾತು ಗಾಳಿಗೆ ಹೋಗಿರುತ್ತದೆ.

ನಿಜ ಹೇಳಬೇಕೆಂದರೆ ಆ ನಿಂತ ಮುಖಗಳನ್ನು ನಾನು ದ್ವೇಷಿಸುತ್ತಿರಲಿಲ್ಲ. ಒಮ್ಮೆ ಅವಳು ಯಾವುದೋ ಕಿರಾಣಿ ಅಂಗಡಿಯವನ ಕಥೆ ಹೇಳಿ ನಗುತ್ತಿದ್ದಾಗ ಪರದೆ ನಿಂತಿತು, ಪೂರಾ ನಾಲ್ಕು ನಿಮಿಷ. ನಾನು ಏನನ್ನೂ ಮುಟ್ಟದೆ, ಉಸಿರು ಬಿಗಿಹಿಡಿದು ನೋಡುತ್ತಾ ಕೂತೆ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳ ಮುಖವನ್ನು ಒಂದೇ ಸಮ ನಾಲ್ಕು ನಿಮಿಷ ನೋಡಿದ್ದು ಅದೇ ಮೊದಲು. ಮನೆಯಲ್ಲಿದ್ದಾಗ ಯಾರು ಹಾಗೆ ನೋಡುತ್ತಾರೆ? ನೋಡಿದರೆ "ಏನು, ಮುಖದಲ್ಲಿ ಏನಾದ್ರೂ ಅಂಟಿದೆಯಾ?" ಅನ್ನುತ್ತಾಳೆ.

ತೊಂದರೆ ಇದ್ದದ್ದು ಮಾತಿನಲ್ಲಿ. ಅವಳು ತೂಕದವಳಲ್ಲವೇ, ಒಂದು ಮಾತನ್ನು ತೂಗಿ ಒಂದೇ ಸಲ ಹೇಳುತ್ತಾಳೆ. ನನಗೋ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವ ಜಾಣ್ಮೆ ಹುಟ್ಟಿನಿಂದ ಬಂದಿದೆ. ಮದುವೆಯಾದ ಮೂರನೇ ವರ್ಷ ಒಂದು ದಿನ ಅವಳ ತಾಳ್ಮೆಯ ಕಟ್ಟೆ ಒಡೆಯಿತು. "ಇನ್ನೊಂದು ಸಲ 'ಏನಂದೆ?' ಅಂತ ಕೇಳಿದ್ರೆ ನೋಡಿ, ನಾನು ಮಾತಾಡೋದನ್ನೇ ಬಿಟ್ಟುಬಿಡ್ತೀನಿ!" ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ "ಏನಂದೆ?" ನಿಷೇಧಿತ ಪದ. ಅದರ ಬದಲು ನಾನು ಎಲ್ಲಿ ಬೇಕಾದರೂ ಹೊಂದುವ ಮೂರು ಉತ್ತರ ಕಂಡುಹಿಡಿದುಕೊಂಡೆ. "ಹೌದಲ್ಲ!" "ನೋಡೋಣ ಬಿಡು." "ಒಳ್ಳೇದೇ ಆಯ್ತು."

ಇವು ಕೈಕೊಟ್ಟಿಲ್ಲವೆಂದಲ್ಲ. ಒಮ್ಮೆ ಪರದೆ ನಿಂತು ಮತ್ತೆ ಹೊರಟಾಗ "...ಹದಿನೈದು ದಿನ ಮನೇಲೇ ಇರಬೇಕಂತೆ" ಅಂತ ಕೇಳಿಸಿತು. ರಜೆ ಸಿಕ್ಕಿರಬೇಕು ಎಂದು "ಒಳ್ಳೇದೇ ಆಯ್ತು!" ಅಂದೆ, ಖುಷಿಯಿಂದಲೇ ಅಂದೆ. ಅವಳು ಆಫೀಸಿನ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದಳಂತೆ. ಮೂರು ದಿನ ಏಳು ಗಂಟೆ ಬಂತು, ಹೋಯಿತು, ಅವಳು ಬರಲಿಲ್ಲ.

ಆದ್ದರಿಂದಲೇ ಪ್ರಾಸೆಸರ್ ಬದಲಾಯಿಸುವ ಯೋಚನೆ. ಮತ್ತು ಯೋಚನೆ ಎಂದ ಮೇಲೆ ತಜ್ಞರ ಸಲಹೆ ಬೇಡವೇ? ನಮ್ಮ ಮನೆತನದ ತಜ್ಞ ನನ್ನ ಭಾವಮೈದುನ, ಹೆಂಡತಿಯ ತಮ್ಮ. ಅವನು ಹನ್ನೊಂದು ವರ್ಷದಿಂದ ಹೊಸ ಕಂಪ್ಯೂಟರ್ ಕೊಳ್ಳಲು ಅಧ್ಯಯನ ಮಾಡುತ್ತಿದ್ದಾನೆ, ಇನ್ನೂ ಕೊಂಡಿಲ್ಲ.

"ಭಾವ, ಈಗ ತಗೊಂಡ್ರೆ ನಿಮ್ಮಂಥ ಮೂರ್ಖರು ಇನ್ನೊಬ್ಬರಿಲ್ಲ," ಅಂದ ಫೋನಿನಲ್ಲಿ. "ನಾಲ್ಕು ತಿಂಗಳಲ್ಲಿ ಹೊಸ ತಲೆಮಾರಿನದು ಬರುತ್ತೆ."

"ಸರಿ, ನಾಲ್ಕು ತಿಂಗಳು ಬಿಟ್ಟು ತಗೋತೀನಿ."

"ಅಯ್ಯೋ! ಆಗ ತಗೊಂಡ್ರೆ ಇನ್ನೂ ಮೂರ್ಖರು. ಬಂದ ಹೊಸದ್ರಲ್ಲಿ ದೋಷ ಜಾಸ್ತಿ. ಆರು ತಿಂಗಳು ಬಿಡಬೇಕು."

"ಆರು ತಿಂಗಳಾದ ಮೇಲೆ?"

"ಆಗ ಅದರ ಮುಂದಿನದು ಬರೋ ಹೊತ್ತಾಗಿರುತ್ತಲ್ಲ ಭಾವ!"

ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂದ ಹಾಗಾಯಿತು. ಫೋನು ಇಡುವ ಮೊದಲು ಅವನದೊಂದು ಖಾಯಂ ಪ್ರಶ್ನೆ. "ಈಗಲೂ ಕಾಯ್ತಾ ಇದೆಯಾ ಭಾವ?"

"ಕಾಯ್ತಾ ಇದೆಯಪ್ಪ. ಅದೂ ಕಾಯ್ತಾ ಇದೆ, ನಾನೂ ಕಾಯ್ತಾ ಇದೀನಿ."

ನಮ್ಮ ಭಾಷೆ ಎಷ್ಟು ಉಳಿತಾಯದ್ದು ನೋಡಿ! ಒಲೆ ಮೇಲೆ ನೀರು ಕಾಯುತ್ತದೆ, ಬಾಗಿಲಲ್ಲಿ ನಾಯಿ ಕಾಯುತ್ತದೆ, ಒಳಗೆ ಗಂಡ ಕಾಯುತ್ತಾನೆ. ಮೂರನ್ನೂ ಒಂದೇ ಕ್ರಿಯಾಪದದಲ್ಲಿ ಮುಗಿಸಿಬಿಟ್ಟಿದ್ದಾರೆ ಹಿರಿಯರು.

ಭಾನುವಾರದ ಗಡುವು ಏನಾಯಿತು ಅನ್ನುತ್ತೀರಾ? ಅವತ್ತು ದಿನವಿಡೀ ಮೋಡ. ಸೂರ್ಯ ಮುಳುಗಿದ್ದನ್ನು ನಾನು ಕಣ್ಣಾರೆ ನೋಡಲಿಲ್ಲ, ಹಾಗಾಗಿ ಗಡುವು ಮುಗಿಯಲಿಲ್ಲ. ತಾಳಿದವನು ಬಾಳಿಯಾನು!

ಸೋಮವಾರ ಸಂಜೆ ಹೆಂಡತಿಗೆ ಇಡೀ ಅರ್ಧ ಗಂಟೆ ಇದೇ ವಿಷಯ ವಿವರಿಸಿದೆ. ಅವಳು ಗಲ್ಲದ ಮೇಲೆ ಕೈಯಿಟ್ಟು ಕೇಳಿದಳು.

"ನಿಮಗೆ ನನ್ನ ಹತ್ರ ಹೇಳೋಕೆ ಇನ್ನೇನೂ ಇಲ್ವಾ?"

"ಇಲ್ಲದೆ ಏನು! ಪ್ರಾಸೆಸರ್ ಕೂರೋ ಬೋರ್ಡಿನ ವಿಷಯ ಇನ್ನೂ ಶುರುವೇ ಮಾಡಿಲ್ಲ!"

ಮಂಗಳವಾರ ಬಂತು. ಅವತ್ತು ಅವಳು ಏಳಕ್ಕೆ ಐದು ನಿಮಿಷ ಇರುವಾಗಲೇ ಪರದೆಗೆ ಬಂದಿದ್ದಳು. ತಲೆ ಬಾಚಿದ್ದಳು, ಕನ್ನಡಕ ಒರೆಸಿ ಹಾಕಿಕೊಂಡಿದ್ದಳು, ಕೈಯಲ್ಲಿ ಒಂದು ಕಾಗದ. ಎರಡು ಮಾತು ಅದೂ ಇದೂ ಆಡಿ, ನೀರು ಕುಡಿದು, ಲೋಟ ಪಕ್ಕಕ್ಕಿಟ್ಟಳು.

"ಒಂದು ಮುಖ್ಯ ವಿಷಯ ಇದೆ. ಗಮನ ಕೊಟ್ಟು ಕೇಳಿ."

"ಕೊಟ್ಟೆ."

"ಇವತ್ತು ನಮ್ಮ ಆಫೀಸಿಗೆ..."

ಗಕ್! ಪರದೆ ನಿಂತಿತು. ಕಾಗದ ಎತ್ತಿಹಿಡಿದ ಕೈ, ತೆರೆದ ಬಾಯಿ, ಹುಬ್ಬಿನ ಕೆಳಗೆ ಏನೋ ಹೊಳಪು. ಚೆನ್ನಾಗಿಯೇ ಇತ್ತು, ನೋಡುತ್ತಾ ಕೂತೆ. ಫ್ಯಾನು ಅರಚಿತು. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಹೆಂಡತಿ ಧಡಕ್ಕನೆ ಅಲುಗಾಡಿದಳು.

"...ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಈಗಲೇ ಬದಲಾಯಿಸಿಕೊಂಡುಬಿಡೋದಾ, ಇಲ್ಲ ಇನ್ನೊಂದು ವರ್ಷ ಕಾಯೋದಾ? ನೀವು ಹೇಗೆ ಹೇಳ್ತೀರೋ ಹಾಗೆ."

ನನಗೆ ರೋಮಾಂಚನ! ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿ ನಾನು ಹೇಳಿದ ಹಾಗೆ! ಅದೂ ಪ್ರಾಸೆಸರ್ ವಿಷಯದಲ್ಲಿ! ಅವಳ ಆಫೀಸಿಗೆ ಯಾರೋ ಕಂಪ್ಯೂಟರ್ ಬಲ್ಲವರು ಬಂದಿರಬೇಕು, ನನ್ನ ಪರವಾಗಿ ವಿಚಾರಿಸಿ ಕಾಗದದಲ್ಲಿ ಬರೆದುಕೊಂಡಿರಬೇಕು ಎಂದು ನಡುವಿನ ಖಾಲಿ ಜಾಗವನ್ನು ನಾನೇ ತುಂಬಿಸಿಕೊಂಡೆ. ಬುದ್ಧಿವಂತರಾದ ನಿಮಗೆ ಆಗಲೇ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಹೊಳೆಯುವುದಿರಲಿ, ಎದೆ ಉಬ್ಬಿಸಿ ಕೂತೆ.

"ಕಾಯೋಣ!" ಅಂದೆ.

"ಏ... ಯೋಚನೆ ಮಾಡಿ ಹೇಳ್ತಿದೀರಾ?"

"ಯೋಚನೆಯಾ? ಒಂದು ತಿಂಗಳಿಂದ ನನ್ನ ತಲೇಲಿ ಇದು ಬಿಟ್ರೆ ಬೇರೇನೂ ಇಲ್ಲ! ನೋಡು, ಈಗಿರೋದೇ ಹೇಗೋ ನಡೀತಿದೆ. ಮೊದಮೊದಲು ಕಷ್ಟ ಅನಿಸ್ತಿತ್ತು, ಈಗ ನನಗೂ ಅಭ್ಯಾಸ ಆಗಿಹೋಗಿದೆ. ಇನ್ನೊಂದು ವರ್ಷ ತಳ್ಳಿದ್ರೆ ಆಕಾಶ ಏನೂ ಕಳಚಿ ಬೀಳಲ್ಲ. ಆತುರಪಟ್ಟು ಈಗಲೇ ಮನೆಗೆ ತಂದು ಕೂರಿಸಿಕೊಂಡು, ಆಮೇಲೆ ಅಯ್ಯೋ ತಪ್ಪು ಮಾಡಿದೆನಲ್ಲ ಅಂತ ತಲೆ ಚಚ್ಚಿಕೊಳ್ಳೋದು ಯಾಕೆ? ಆತುರಗಾರನಿಗೆ ಬುದ್ಧಿ ಮಟ್ಟ!"

ಹೆಂಡತಿ ಮತ್ತೆ ನಿಂತುಹೋದಳು. ಹಾಳಾದ ಪ್ರಾಸೆಸರ್ ಎಂದು ಬೈದುಕೊಂಡು ಕಾದೆ. ಅವಳ ಹಿಂದೆ ಕಿಟಕಿಯ ಪರದೆ ಮಾತ್ರ ಗಾಳಿಗೆ ಮೆಲ್ಲಗೆ ಆಡುತ್ತಿತ್ತು. ಕಿಟಕಿ ಪರದೆ ಆಡುತ್ತಿದೆ, ಮನುಷ್ಯಳು ಆಡುತ್ತಿಲ್ಲ, ಇದೆಂಥ ಹೊಸ ದೋಷ ಎಂದು ಸೋಜಿಗಪಟ್ಟೆ.

"ಸರಿ ಹಾಗಾದ್ರೆ," ಅಂದಳು ಕೊನೆಗೆ, ಕಾಗದ ಮಡಚಿ.

ಬುಧವಾರ ಏಳು ಗಂಟೆಗೆ ಬಂದು ಏಳೂ ಐದಕ್ಕೆ ಹೋದಳು. ಕಿಟಕಿ ಪರದೆ ಒಗೆದಿದ್ದೀರಾ ಎಂದು ಕೇಳಲಿಲ್ಲ. ಅವಳಿಗೆ ಕಾಣಲೆಂದೇ ನಾನು ಒಗೆದು ಹಾಕಿದ್ದೆ. ಗುರುವಾರ ಫೋನಿಗೆ ಒಂದು ಸಾಲು ಬಂತು. "ಇವತ್ತು ಕೆಲಸ ಇದೆ."

ಆ ಸಂಜೆ ಆರೂವರೆಗೆ ಮನೆಗೆ ಬಂದವನಿಗೆ ಏಳು ಗಂಟೆಯನ್ನು ಏನು ಮಾಡುವುದು ಎಂದೇ ತಿಳಿಯಲಿಲ್ಲ. ಟೀ ಮಾಡಿದೆ, ಕುಡಿಯಲು ಮರೆತೆ. ಟೀವಿ ಹಾಕಿದೆ, ಯಾರೋ ಯಾರನ್ನೋ ಬೈಯುತ್ತಿದ್ದರು, ಬೈಯಲಿಕ್ಕಾದರೂ ಇಬ್ಬರಿದ್ದಾರಲ್ಲ ಅನ್ನಿಸಿ ಆರಿಸಿದೆ. ಮನೆ ಎಷ್ಟು ಸುಮ್ಮನಿತ್ತೆಂದರೆ ಫ್ರಿಜ್ಜು ನಿಂತಾಗ ಬೆಚ್ಚಿಬಿದ್ದೆ. ನನಗೆ ಅಭ್ಯಾಸ ಆಗಿದೆ ಎಂದು ನಾನು ಹೇಳಿದ್ದು ಕಂಪ್ಯೂಟರಿಗೆ ಮಾತ್ರ ನಿಜ.

ಆಗ ಜ್ಞಾನೋದಯವಾಯಿತು. ಅವಳಿಗೆ ಬೇಜಾರಾಗಿದೆ! ಮಾತು ಮಾತಿಗೂ ನಿಲ್ಲುವ ಈ ಮುದಿ ಯಂತ್ರದ ಜೊತೆ ಯಾರು ತಾನೇ ಏಗುತ್ತಾರೆ? ಇನ್ನು ಕಾಯುವುದಿಲ್ಲ! ಭಾವಮೈದುನ ಬೇಡವೆನ್ನಲಿ, ಬ್ರಹ್ಮನೇ ಬೇಡವೆನ್ನಲಿ! ಚಪ್ಪಲಿ ಮೆಟ್ಟಿ ಓಡಿದೆ.

ಬೀದಿಯ ಕೊನೆಯಲ್ಲಿ ಕಂಪ್ಯೂಟರ್ ಅಂಗಡಿ. ಅದನ್ನು ನಡೆಸುವ ಹೆಂಗಸನ್ನು ಎಲ್ಲರೂ ರಿಪೇರಿ ಅಕ್ಕ ಅನ್ನುತ್ತಾರೆ. ಹಣೆಯ ಮೇಲೆ ಒಂದು ದೀಪ, ಮೂಗಿನ ತುದಿಯಲ್ಲಿ ಕನ್ನಡಕ, ಬಾಯಲ್ಲಿ ಕಡಿಮೆ ಮಾತು.

"ನಿಮ್ಮ ಬೋರ್ಡಿಗೆ ಕೂರೋದ್ರಲ್ಲಿ ಇದೇ ದೊಡ್ಡದು," ಎಂದು ಒಂದು ಪುಟ್ಟ ಡಬ್ಬಿ ಕೊಟ್ಟಳು. "ಆದ್ರೆ ಮೊದಲು ಯಂತ್ರ ತನ್ನಿ, ನೋಡ್ತೀನಿ. ಹಾಗೇ ಬದಲಾಯಿಸೋದು ಬೇಡ."

"ನೋಡೋದೇನಿದೆ ಅಕ್ಕಾ, ನಾನೇ ಕೂರಿಸ್ಕೋತೀನಿ! ಊರಿನ ಅಡುಗೆಮನೆಗಳನ್ನೆಲ್ಲ ಕೂರಿಸಿದವನಿಗೆ ಇದೊಂದು ಬಿಲ್ಲೆ ಯಾವ ಮಹಾ?"

ಅವಳು ಹಣೆಯ ದೀಪ ಆರಿಸಿ ನನ್ನನ್ನೇ ನೋಡಿದಳು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಸರಿಯಾಗಿ ಏಳು ಗಂಟೆಗೆ, ಹೆಂಡತಿಯ ಹೊತ್ತಿಗೆ, ಊಟದ ಮೇಜಿನ ಮೇಲೆ ಶಸ್ತ್ರಚಿಕಿತ್ಸೆ ಶುರುವಾಯಿತು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿದರೆ ಒಳಗೆ ಧೂಳು! ಧೂಳೆಂದರೆ ಅಂಥಿಂಥ ಧೂಳಲ್ಲ, ಕಂಬಳಿ ನೇಯಬಹುದಾದಷ್ಟು. ಎರಡು ಸೀನು ಸೀನಿದೆ. ಪ್ರಾಸೆಸರಿನ ಮೇಲೆ ಫ್ಯಾನು ಕೂತಿರುತ್ತದೆ, ಅದನ್ನು ಕೀಳಬೇಕು. ಒಳಗೆ ಕತ್ತಲೆ. ಒಂದು ಕೈಯಲ್ಲಿ ಸ್ಕ್ರೂಡ್ರೈವರು, ಇನ್ನೊಂದು ಕೈಯಲ್ಲಿ ಫ್ಯಾನು, ಟಾರ್ಚು ಹಿಡಿಯಲು ಮೂರನೇ ಕೈಯಿಲ್ಲ. ಹಿಂದೆಲ್ಲ ಇಂಥ ಕೆಲಸಕ್ಕೆ ಹೆಂಡತಿ ಟಾರ್ಚು ಹಿಡಿದು ನಿಲ್ಲುತ್ತಿದ್ದಳು. "ಅಲ್ಲಿ ಅಲ್ಲ, ಇಲ್ಲಿ ಹಿಡಿ!" ಎಂದು ನಾನು ರೇಗುತ್ತಿದ್ದೆ. "ಎಲ್ಲಿ ಅಂತ ಮೊದಲೇ ಹೇಳಿ!" ಎಂದು ಅವಳು ರೇಗುತ್ತಿದ್ದಳು. ಈಗ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಸಂಸಾರ ಎಂದರೆ ಟಾರ್ಚು ಹಿಡಿಯಲು ಒಬ್ಬರು ಎಂದು ಹೊಳೆಯಿತು, ಆದರೆ ಬಾಯಲ್ಲಿ ಟಾರ್ಚಿದ್ದರಿಂದ ಹೇಳಿಕೊಳ್ಳಲಾಗಲಿಲ್ಲ. ಹೇಳಿಕೊಳ್ಳಲು ಯಾರೂ ಇರಲೂ ಇಲ್ಲ.

ಫ್ಯಾನು ಬರಲಿಲ್ಲ. ಜಗ್ಗಿದೆ. ಬರಲಿಲ್ಲ. ಕುಲದೇವರನ್ನು ನೆನೆದು ಜಗ್ಗಿದೆ. ಪಟ್! ಫ್ಯಾನು ಬಂತು, ಅದಕ್ಕೆ ಅಂಟಿಕೊಂಡ ಹಳೇ ಪ್ರಾಸೆಸರೂ ಬಂತು, ಒಂದು ಸ್ಕ್ರೂ ಹಾರಿ ನೆಲಕ್ಕೆ ಬಿತ್ತು. ಎಲ್ಲ ಪಕ್ಕಕ್ಕಿಟ್ಟು ಹೊಸದರ ಡಬ್ಬಿ ಹರಿದು ತೆಗೆದರೆ, ಅದರ ಹೊಟ್ಟೆಯ ಕೆಳಗೆ ಕೂದಲಿನಂಥ ಸಾವಿರಾರು ಚಿನ್ನದ ಕಾಲುಗಳು. ಒಂದು ಬಗ್ಗಿದರೂ ಕಥೆ ಮುಗಿಯಿತು. ಸ್ಕ್ರೂ ಹುಡುಕುವ ತನಕ ಇದನ್ನು ಎಲ್ಲಿಡುವುದು? ಮೇಜಿನ ಮೇಲೆ ಧೂಳು. ಮೂರು ಕುರ್ಚಿಯ ಮೇಲೆ ಬಟ್ಟೆಯ ಬೆಟ್ಟ. ಈ ಮನೆಯಲ್ಲಿ ಯಾರೂ ಮುಟ್ಟದ, ಯಾರೂ ಕೂರದ, ಅತ್ಯಂತ ಸುರಕ್ಷಿತ ಜಾಗ ಒಂದೇ. ಹೆಂಡತಿಯ ಕುರ್ಚಿ! ಚಿನ್ನದ ಕಾಲು ಮೇಲೆ ಮಾಡಿ ಮೆತ್ತಗೆ ಅದರ ಮೇಲೆ ಮಲಗಿಸಿದೆ.

ಸ್ಕ್ರೂ ಹುಡುಕುತ್ತಾ ಮೇಜಿನ ಕೆಳಗೆ ತೆವಳಿದೆ. ಸ್ಕ್ರೂ ಸಿಗಲಿಲ್ಲ, ಅವಳ ಒಂದು ಹೇರ್‌ಪಿನ್ನು ಸಿಕ್ಕಿತು. ಹದಿನಾಲ್ಕು ತಿಂಗಳಿಂದ ಅಲ್ಲೇ ಬಿದ್ದಿತ್ತು ಪಾಪ, ನಾನು ಎಷ್ಟು ಚೆನ್ನಾಗಿ ಗುಡಿಸುತ್ತೇನೆ ನೋಡಿ. ಅದನ್ನು ಹಿಡಿದುಕೊಂಡು ಹೊರಗೆ ಬಂದೆ. ಏಳೂ ಇಪ್ಪತ್ತಾಗಿತ್ತು. ಪಿನ್ನನ್ನು ನೋಡುತ್ತಾ, ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ, ಹೆಂಡತಿಯ ಕುರ್ಚಿಯ ಮೇಲೆ ಕೂತೆ.

"ಅಯ್ಯಯ್ಯಪ್ಪಾ!"

ಚಿನ್ನದ ಕಾಲು ಎಂದೆನಲ್ಲ, ಬಲು ಚೂಪು! ಎಗರಿ ನಿಂತು, ಎರಡೂ ಕೈಯಲ್ಲಿ ಹಿಂಭಾಗ ಹಿಡಿದುಕೊಂಡು ಕುಣಿದೆ. ಅಷ್ಟು ದೊಡ್ಡದಾಗಿ ಕಿರುಚಿದ ಮೇಲೆ ಸುಮ್ಮನೆ ನಿಂತು ಒಂದು ಕ್ಷಣ ಕಾದೆ. ಒಳಗಿನಿಂದ "ಏನಾಯ್ತ್ರೀ?" ಅಂತ ಬರಬೇಕಿತ್ತು. ಬರಲಿಲ್ಲ. ನೋವಿಗಿಂತ ಅದೇ ಜಾಸ್ತಿ ಚುಚ್ಚಿತು.

ಶುಕ್ರವಾರ ಅರ್ಧ ದಿನ ರಜೆ ಹಾಕಿ, ಎಲ್ಲವನ್ನೂ ಬಕೆಟ್ಟಿನಲ್ಲಿ ತುಂಬಿಕೊಂಡು ರಿಪೇರಿ ಅಕ್ಕನ ಮುಂದೆ ನಿಂತೆ. ಅವಳು ಹೊಸ ಪ್ರಾಸೆಸರನ್ನು ದೀಪಕ್ಕೆ ಹಿಡಿದಳು. ಬಹಳ ಹೊತ್ತು ನೋಡಿದಳು.

"ಏನು ಬಿತ್ತು ಇದರ ಮೇಲೆ?"

"ಸ್ವಲ್ಪ... ಭಾರದ್ದು."

"ಎಷ್ಟು ಭಾರ?"

"ಎಪ್ಪತ್ತೆಂಟು ಕಿಲೋ."

ರಿಪೇರಿ ಅಕ್ಕ ಕನ್ನಡಕ ತೆಗೆದಳು. "ಪ್ರಾಸೆಸರ್ ಮೇಲೆ ನೀರು ಚೆಲ್ಲಿದವರನ್ನ ನೋಡಿದೀನಿ, ಇರುವೆ ಸಾಕಿದವರನ್ನ ನೋಡಿದೀನಿ. ಕೂತವರು ನೀವೇ ಮೊದಲು." ಸೂಜಿ ಹಿಡಿದು ಒಂದೊಂದೇ ಕಾಲು ನೆಟ್ಟಗೆ ಮಾಡಲು ನೋಡಿದಳು. ನಾಲ್ಕು ಮುರಿದು ಉದುರಿದವು. "ಹೋಯ್ತು. ಇದನ್ನ ಇನ್ನು ಕೀ ಗೊಂಚಲಿಗೆ ಹಾಕ್ಕೊಳ್ಳಿ."

ಆಮೇಲೆ ಹಳೆಯದನ್ನು ಫ್ಯಾನಿನಿಂದ ಬಿಡಿಸಿದಳು. ಒರೆಸಿದಳು. ಬಣ್ಣ ಹೊಡೆಯುವ ಬ್ರಷ್ಷಿನಂಥದ್ದರಿಂದ ಧೂಳೆಲ್ಲ ಉದುರಿಸಿದಳು. ಪ್ರಾಸೆಸರಿನ ನೆತ್ತಿಗೆ ಬಿಸಿಯನ್ನು ಫ್ಯಾನಿಗೆ ದಾಟಿಸುವ ಬಿಳೀ ಪೇಸ್ಟನ್ನು ಬಟಾಣಿಯಷ್ಟು ಹಚ್ಚಿ ಫ್ಯಾನು ಕೂರಿಸಿದಳು. ಹತ್ತು ನಿಮಿಷದ ಕೆಲಸ. ಗುಂಡಿ ಒತ್ತಿದರೆ ಫ್ಯಾನು ತಿರುಗಿದ್ದೇ ಕೇಳಿಸಲಿಲ್ಲ.

"ಇದಕ್ಕೆ ಏನೂ ಆಗಿರಲಿಲ್ಲ. ಪೇಸ್ಟು ಒಣಗಿತ್ತು. ಅದಕ್ಕೇ ಕಾಯ್ತಾ ಇತ್ತು."

"ಯಾರಿಗೆ?"

"ಯಾರಿಗೂ ಅಲ್ಲ ಸ್ವಾಮಿ, ಬಿಸಿ ಆಗ್ತಿತ್ತು! ಬದಲಾಯಿಸೋದೂ ಬೇಕಿರಲಿಲ್ಲ, ಕಾಯೋದೂ ಬೇಕಿರಲಿಲ್ಲ. ಒಂದು ಸಲ ಬಿಚ್ಚಿ ನೋಡಿದ್ರೆ ಸಾಕಿತ್ತು."

ಅವಮಾನವಾದರೂ ಮನಸ್ಸು ಹಗುರಾಯಿತು. ಸಂಜೆ ಏಳಕ್ಕೆ ಹೊಸ ಅಂಗಿ ಹಾಕಿ ಕೂತೆ. ಹೆಂಡತಿ ಏಳೂ ಹತ್ತಕ್ಕೆ ಬಂದಳು. ಅಬ್ಬಾ, ಎಷ್ಟು ಸ್ಪಷ್ಟ! ಕಿವಿಯ ಹತ್ತಿರದ ನರೆ ಕಾಣುತ್ತಿತ್ತು. ಕಣ್ಣಿನ ಕೆಳಗೆ ಕಪ್ಪು ಕಾಣುತ್ತಿತ್ತು. ಸ್ವಲ್ಪ ಇಳಿದುಹೋಗಿದ್ದಾಳೆ ಅನ್ನಿಸಿತು. ಇದೆಲ್ಲ ಯಾವಾಗ ಆಯಿತು?

"ಹೇಗಿದೆ?" ಅಂದೆ ಹೆಮ್ಮೆಯಿಂದ. "ಇನ್ನು ಒಂದು ಕಡೆಯೂ ನಿಲ್ಲಲ್ಲ! ಮಂಗಳವಾರ ಕಾಯೋಣ ಕಾಯೋಣ ಅಂತ ನಿನಗೆ ಅಷ್ಟು ಭಾಷಣ ಮಾಡಿದೆನಲ್ಲ, ಕಡೆಗೆ ನನ್ನ ಕೈಲೇ ಕಾಯೋಕಾಗಲಿಲ್ಲ!"

ಅವಳು ಕನ್ನಡಕ ತೆಗೆದು ಕೆಳಗಿಟ್ಟಳು.

"ಮಂಗಳವಾರ ನೀವು ಕಾಯೋಣ ಅಂದಿದ್ದು... ಕಂಪ್ಯೂಟರಿಗಾ?"

"ಮತ್ತೇನಕ್ಕೆ? ನೀನು ಕೇಳಿದ್ದು ಅದೇ ತಾನೇ? ಪ್ರಾಸೆಸರ್ ಬದಲಾಯಿಸಿಕೊಳ್ಳೋದಾ, ಕಾಯೋದಾ ಅಂತ?"

"ನಾನು ಪ್ರಾಸೆಸರ್ ಅಂದ್ನಾ?"

"ಅಲ್ಲಿ... ಸ್ವಲ್ಪ ನಿಂತುಹೋಗಿತ್ತು."

"ನಮ್ಮ ಆಫೀಸಿಗೆ ಕಾಗದ ಬಂದಿತ್ತು ಕಣ್ರೀ," ಅಂದಳು. ಒಂದೊಂದೇ ಮಾತು ತೂಗಿ ಇಡುವ ಹಾಗೆ. "ನಮ್ಮೂರಿನ ಇನ್‌ಸ್ಪೆಕ್ಟರೊಬ್ಬರು ಇಲ್ಲಿಗೆ ಬರೋಕೆ ಒಪ್ಪಿದ್ರು. ಅವರ ಅಕ್ಕ ಇಲ್ಲಿದಾರಂತೆ. ಅವರು ಇಲ್ಲಿಗೆ, ನಾನು ಅಲ್ಲಿಗೆ. ಇವತ್ತು ಐದು ಗಂಟೆ ಒಳಗೆ ಹೇಳಬೇಕಿತ್ತು. ನಮ್ಮ ಮನೆಯವರು ಕಾಯೋಣ ಅಂದ್ರು ಅಂತ ಹೇಳಿದೆ. ಅವರು ಇಲ್ಲಿನ ಬೇರೆ ಯಾರ ಜೊತೆಗೋ ಬದಲಾಯಿಸಿಕೊಂಡ್ರು."

ಪರದೆಯ ಮೂಲೆಯಲ್ಲಿ ಗಂಟೆ ಏಳೂ ಹದಿನಾಲ್ಕು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಮಂಗಳವಾರ ನಾನಾಡಿದ ಒಂದೊಂದು ಮಾತೂ ಸಾಲಾಗಿ ನೆನಪಿಗೆ ಬಂತು. ಅಭ್ಯಾಸ ಆಗಿಹೋಗಿದೆ. ಮನೆಗೆ ತಂದು ಕೂರಿಸಿಕೊಂಡು. ತಲೆ ಚಚ್ಚಿಕೊಳ್ಳೋದು ಯಾಕೆ. ಅವತ್ತು ಕಿಟಕಿಯ ಪರದೆ ಆಡುತ್ತಿದ್ದದ್ದೂ ನೆನಪಿಗೆ ಬಂತು. ಪ್ರಾಸೆಸರ್ ನಿಂತಿರಲಿಲ್ಲ, ಅವಳೇ ನಿಂತಿದ್ದಳು.

ಅವಳ ಕಣ್ಣು ತುಂಬುತ್ತಿತ್ತು. ದೇವರೇ, ಈಗ ಪರದೆ ನಿಲ್ಲಲಿ, ಒಂದೇ ಒಂದು ಸಲ ನಿಲ್ಲಲಿ ಎಂದು ಬೇಡಿಕೊಂಡೆ. ನಿಲ್ಲಲಿಲ್ಲ. ಪೇಸ್ಟು ಹಚ್ಚಿಸಿಕೊಂಡು ಬಂದಿತ್ತಲ್ಲ! ಹನಿ ಹುಟ್ಟಿದ್ದು, ಇಳಿದದ್ದು, ಅವಳು ಅಂಗೈಯಿಂದ ಒರೆಸಿಕೊಂಡದ್ದು, ಎಲ್ಲವನ್ನೂ ಒಂದಿಷ್ಟೂ ಬಿಡದೆ ತೋರಿಸಿತು.

"'ಏನಂದೆ?' ಅಂತ ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?"

"ನೀನೇ ಕೇಳಬಾರದು ಅಂದಿದ್ದೆ."

"ಯಾವಾಗ?"

"ಮದುವೆಯಾದ ಮೂರನೇ ವರ್ಷ."

"ಇಷ್ಟು ವರ್ಷದಲ್ಲಿ ನಾನು ಹೇಳಿದ್ರಲ್ಲಿ ಅದೊಂದೇನಾ ನಿಮಗೆ ಕೇಳಿಸಿದ್ದು?"

ಇದಕ್ಕೆ ನನ್ನ ಮೂರು ಉತ್ತರಗಳಲ್ಲಿ ಯಾವುದೂ ಹೊಂದಲಿಲ್ಲ. ನಾಲ್ಕನೆಯದನ್ನು ಹುಡುಕಬೇಕಾಯಿತು.

"ಬಂದುಬಿಡು," ಅಂದೆ. "ನನಗೆ ಅಭ್ಯಾಸ ಆಗಿಲ್ಲ. ನಿನ್ನೆ ಅಷ್ಟು ಜೋರಾಗಿ ಕಿರುಚಿದೆ, ಏನಾಯ್ತು ಅಂತ ಕೇಳೋಕೆ ಮನೇಲಿ ಯಾರೂ ಇರಲಿಲ್ಲ."

"ಏನಂದ್ರಿ?"

"ನಿಂತುಹೋಯ್ತಾ? ಬಂದುಬಿಡು ಅಂದೆ."

"ಏನಂದ್ರಿ?"

"ಬಂದುಬಿಡು ಅಂದೆ ಮಾರಾಯ್ತಿ! ನಿನ್ನ ಕಡೆಯೂ ಪ್ರಾಸೆಸರ್ ಕೆಟ್ಟಿದೆಯಾ?"

"ನನ್ನದೇನೂ ಕೆಟ್ಟಿಲ್ಲ," ಅಂದಳು ಮೂಗು ಒರೆಸುತ್ತಾ. "ಇನ್ನೊಂದು ಸಲ ಹೇಳಿ."

ಅವತ್ತು ಎಂಟೂವರೆವರೆಗೂ ಮಾತಾಡಿದೆವು. ಯಾಕೆ ಕಿರುಚಿದ್ದು ಎಂದು ಕೇಳಿದಳು, ಹೇಳಿದೆ. ನಕ್ಕು ನಕ್ಕು ಪರದೆಯಿಂದಾಚೆ ಹೋಗಿ ವಾಪಸು ಬಂದಳು. ಕಿಟಕಿ ಪರದೆ ಒಗೆದದ್ದಕ್ಕೆ ಹತ್ತಕ್ಕೆ ಆರು ಅಂಕ ಕೊಟ್ಟಳು. ಆದರೆ ಕಾಗದ ಕಾಗದವೇ, ಇಲಾಖೆ ಇಲಾಖೆಯೇ. ಮುಂದಿನ ಅದಲು ಬದಲು ಮುಂದಿನ ವರ್ಷ.

ಮರುದಿನ ಬೆಳಿಗ್ಗೆ ಭಾವಮೈದುನನ ಫೋನು.

"ಏನ್ ಭಾವ, ನನ್ನ ಮಾತು ಕೇಳದೆ ಬದಲಾಯಿಸಿಬಿಟ್ರಂತೆ! ಅಕ್ಕ ಹೇಳಿದಳು. ಒಂದು ವರ್ಷ ತಡೆದಿದ್ರೆ ಎಂಥ ಮಾಲು ಬರ್ತಿತ್ತು ಗೊತ್ತಾ? ಹೋಗಲಿ, ಈಗ ಹೇಗಿದೆ? ಕಾಯ್ತಾ ಇದೆಯಾ?"

ಅವಳ ಕುರ್ಚಿಯನ್ನು ನೋಡಿದೆ.

"ಇಲ್ಲಪ್ಪ, ಅದು ಈಗ ಕಾಯ್ತಿಲ್ಲ," ಅಂದೆ. "ನಾನೊಬ್ಬನೇ ಕಾಯ್ತಾ ಇದೀನಿ."